ಬಾಡಿಗೆ ಮನೆಯ ನೆಲ ಎದ್ದು ನಿಂತಾಗ

ಬಾಡಿಗೆ ಮನೆ ನೋಡೋಕೆ ಹೋದಾಗ ನಾವೆಲ್ಲ ಏನೇನು ನೋಡ್ತೀವಿ? ನಲ್ಲಿ ತಿರುಗಿಸಿ ನೀರಿನ ರಭಸ ನೋಡ್ತೀವಿ. ಗೋಡೆಯಲ್ಲಿ ತೇವ ಇದೆಯಾ, ಕಿಟಕಿಗೆ ಸೊಳ್ಳೆ ಪರದೆ ಇದೆಯಾ, ಗಾಡಿ ನಿಲ್ಲಿಸೋಕೆ ಜಾಗ ಇದೆಯಾ, ಮೊಬೈಲಿಗೆ ಸಿಗ್ನಲ್ ಬರುತ್ತಾ ಅಂತ ನೋಡ್ತೀವಿ. ನೆಲ ಮಾತ್ರ ಕಾಲ ಕೆಳಗೇ ಇದ್ದರೂ ಲೆಕ್ಕಕ್ಕೆ ಬರೋದಿಲ್ಲ. ಹೊಳೀತಾ ಇದ್ದರೆ ಸಾಕು. ಆದರೆ ಮನೆ ಬಿಡುವ ದಿನ ಅಡ್ವಾನ್ಸ್ ಹಣದ ಮಾತು ಬಂದಾಗ ಗೋಡೆಯ ಬಣ್ಣ ಬಿಟ್ಟರೆ ಅತಿ ಹೆಚ್ಚು ಜಗಳ ಆಗೋದು ಈ ನೆಲದ ವಿಷಯಕ್ಕೇ ಅಂತ ನನಗೀಗ ಅನ್ನಿಸುತ್ತೆ.

ನಮ್ಮದು ನಂಜನಗೂಡಿನ ಒಂದು ಸಣ್ಣ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಎರಡು ಬೆಡ್‌ರೂಮ್, 11,000 ಬಾಡಿಗೆ, 60,000 ಅಡ್ವಾನ್ಸ್. ನಾನು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ, ಗಂಡನಿಗೆ ಮೈಸೂರಿನಲ್ಲಿ ಕೆಲಸ. ಮೂರು ವರ್ಷ ನೆಮ್ಮದಿಯಾಗಿ ಇದ್ದೆವು. ಮಗಳನ್ನು ಮೈಸೂರಿನ ಶಾಲೆಗೆ ಸೇರಿಸೋಣ ಅಂತ ಅಲ್ಲೊಂದು ಮನೆ ನೋಡಿ ಟೋಕನ್ ಕೊಟ್ಟಿದ್ದೆವು. ಅಲ್ಲಿ ಒಂದು ಲಕ್ಷ ಅಡ್ವಾನ್ಸ್. ಇಲ್ಲಿನ 60,000 ವಾಪಸ್ ಬಂದರೆ ಮಾತ್ರ ಅದು ಪೂರ್ತಿ ಆಗೋದು. ಮನೆ ಬಿಡ್ತೀವಿ ಅಂತ ಮಾಲೀಕರಿಗೆ ಒಂದು ತಿಂಗಳ ನೋಟಿಸೂ ಕೊಟ್ಟಾಗಿತ್ತು.

ಅಷ್ಟರಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕೆಳಗಿನ ಮನೆಯವರು ಫೋನ್ ಮಾಡಿದರು. "ನಿಮ್ಮನೇಲಿ ಏನೋ ಸಿಡಿದ ಹಾಗೆ ಸದ್ದಾಯ್ತು, ಸಿಲಿಂಡರ್ ಏನಾದ್ರೂ..." ಅಂದರು. ಓಡಿ ಬಂದು ಬಾಗಿಲು ತೆಗೆದರೆ ಹಾಲ್‌ನ ನಡುವೆ ನೆಲ ಎದ್ದು ನಿಂತಿದೆ. ಎರಡು ಸಾಲು ಟೈಲ್ಸ್ ಒಂದಕ್ಕೊಂದು ಒರಗಿಕೊಂಡು ಗುಡಾರದ ಹಾಗೆ ಮೇಲೆದ್ದಿವೆ. ಒಟ್ಟು ಒಂಬತ್ತು ಟೈಲ್ಸ್, ಅಂಚುಗಳು ಬ್ಲೇಡಿನ ಹಾಗೆ. ಭಾನುವಾರ ಆಗಿದ್ದರೆ ನನ್ನ ಎರಡೂವರೆ ವರ್ಷದ ಮಗಳು ಆ ಹೊತ್ತಿಗೆ ಅದೇ ಜಾಗದಲ್ಲಿ ಚಾಪೆ ಮೇಲೆ ಮಲಗಿರ್ತಿದ್ದಳು. ಅವತ್ತು ಕೆಲಸದ ದಿನ, ಡೇ ಕೇರ್‌ನಲ್ಲಿದ್ದಳು. ಅದೊಂದೇ ಸಮಾಧಾನ.

ಮಾಲೀಕರು ಬೆಂಗಳೂರಿನಲ್ಲಿರೋರು. ಫೋಟೋ ಕಳಿಸಿದೆವು. ಸಂಜೆ ಉತ್ತರ ಬಂತು: "ಇಷ್ಟು ವರ್ಷ ಏನೂ ಆಗದ ನೆಲ ಈಗ ಹೇಗೆ ಏಳುತ್ತೆ? ಭಾರದ ಸಾಮಾನು ಏನೋ ಎಳೆದಾಡಿದ್ದೀರಿ." ಎರಡು ದಿನ ಬಿಟ್ಟು ಒಂದು ಎಸ್ಟಿಮೇಟ್ ಬಂತು. ಹಾಲ್ 14 ಅಡಿಗೆ 18, ಅಂದರೆ 252 ಚದರ ಅಡಿ. ಹಳೇ ಟೈಲ್ಸ್ ಒಡೆದು ತೆಗೆಯೋದು, ಹೊಸದು ತರೋದು, ಹಾಕಿಸೋದು, ಡೆಬ್ರಿ ಸಾಗಿಸೋದು ಎಲ್ಲ ಸೇರಿ 38,000. ಜೊತೆಗೆ ಅಡುಗೆಮನೆಯ ಎರಡು ಟೈಲ್ಸ್ ಬೇರೆ. "ಅಡ್ವಾನ್ಸ್‌ನಲ್ಲಿ ಮುರಕೊಳ್ತೀನಿ" ಅಂತ ಕೊನೆಯ ಸಾಲು.

ಅಗ್ರಿಮೆಂಟ್ ತೆಗೆದು ಓದಿದೆವು. 'ಬಾಡಿಗೆದಾರರು ಮನೆಯನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು, ಹಾನಿಯಾದಲ್ಲಿ ಅದರ ವೆಚ್ಚವನ್ನು ಮುಂಗಡದಿಂದ ಕಳೆದುಕೊಳ್ಳತಕ್ಕದ್ದು' ಅಂತಿತ್ತು. ಸ್ಟಾಂಪ್ ಪೇಪರ್ ಅಂಗಡಿಯಲ್ಲಿ ರೆಡಿ ಇರುವ, ನಿಮ್ಮ ಅಗ್ರಿಮೆಂಟಿನಲ್ಲೂ ಇರಬಹುದಾದ ಸಾಲು ಇದು. ಹಾನಿ ಅಂದರೇನು, ಯಾರು ಮಾಡಿದ ಹಾನಿ ಅಂತ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ.

ನನ್ನ ತವರು ತಗಡೂರು. ನಂಜನಗೂಡು ತಾಲ್ಲೂಕಿನ ಊರು. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರು ಅಂತ, ಖಾದಿಯ ಊರು ಅಂತ ಹೊರಗಿನವರಿಗೆ ಗೊತ್ತು. ನಮ್ಮ ಮನೆಯಲ್ಲಿ ನೂಲಿನ ಕೆಲಸ ಇರಲಿಲ್ಲ, ಗಾರೆ ಕೆಲಸ. ಅಪ್ಪ ನಲವತ್ತು ವರ್ಷ ಕರಣೆ ಹಿಡಿದೋರು. ಸುತ್ತಮುತ್ತಲ ಹಳ್ಳಿಗಳಲ್ಲಿ ಕಾವಿ ನೆಲ ಹಾಕೋದರಲ್ಲಿ ಅವರಿಗೆ ಹೆಸರಿತ್ತು. ಸಿಮೆಂಟಿನ ಮೇಲೆ ರೆಡ್ ಆಕ್ಸೈಡ್ ಉದುರಿಸಿ, ಉಜ್ಜಿ ಉಜ್ಜಿ ಕನ್ನಡಿ ಮಾಡೋ ನೆಲ. ಆಮೇಲೆ ಕಡಪ ಕಲ್ಲು ಬಂತು, ಮೊಸಾಯಿಕ್ ಬಂತು, ಸೆರಾಮಿಕ್ ಬಂತು, ಈಗ ವಿಟ್ರಿಫೈಡ್. ಎಲ್ಲವನ್ನೂ ಅಪ್ಪ ಹಾಕಿದ್ದಾರೆ. ಮಂಡಿ ಸವೆದ ಮೇಲೆ ಕೆಲಸ ಬಿಟ್ಟಿದ್ದಾರೆ.

ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಬಂದರು. ಬಟ್ಟೆ ಚೀಲದಲ್ಲಿ ಕರಣೆ, ಅಮ್ಮ ಕೊಟ್ಟ ಹುರುಳಿಕಾಳು, ಒಂದು ಚಿಪ್ಪು ರಸಬಾಳೆ. ಕಾಫಿ ಕುಡಿಯೋಕೂ ಮುಂಚೆ ನೆಲದ ಮೇಲೆ ಕೂತು ಕರಣೆಯ ಹಿಡಿಯಿಂದ ಒಂದೊಂದೇ ಟೈಲ್ ತಟ್ಟುತ್ತಾ ಹೋದರು. ಕೆಲವು ಕಡೆ 'ಟಕ್ ಟಕ್' ಅಂತ ಗಟ್ಟಿ ಸದ್ದು, ಹೆಚ್ಚು ಕಡೆ 'ಡಬ್ ಡಬ್' ಅಂತ ಡೋಲಿನ ಸದ್ದು.

"ಯಾನವ್ವ, ಯಾವ ಪುಣ್ಯಾತ್ಮ ಹಾಕ್ದ ಇದ್ನ? ಅರ್ಧಕ್ಕರ್ಧ ಪೊಳ್ಳು ಕನ" ಅಂದರು.

ಆಮೇಲೆ ಅವರು ಹೇಳಿಕೊಟ್ಟ ಪಾಠವನ್ನು ನಿಮಗೂ ಹೇಳ್ತೀನಿ, ಯಾಕೆಂದರೆ ಇದು ಗೊತ್ತಿದ್ದರೆ ನೆಲ ಯಾಕೆ ಕೆಟ್ಟಿತು ಅಂತ ನೀವೇ ಹೇಳಬಹುದು.

ವಿಟ್ರಿಫೈಡ್ ಟೈಲ್ ನೀರು ಕುಡಿಯೋದಿಲ್ಲ. ಅದರ ತೂಕದ ಅರ್ಧ ಶೇಕಡದಷ್ಟು ನೀರನ್ನೂ ಅದು ಹೀರೋದಿಲ್ಲ. ಕರೆ ಹಿಡಿಯಬಾರದು ಅನ್ನೋದಕ್ಕೆ ಈ ಗುಣ ಒಳ್ಳೇದು. ಆದರೆ ಸಿಮೆಂಟ್ ಹಾಲು ಸುರಿದು ಅಂಟಿಸೋಕೆ ಹೋದರೆ ಇದೇ ಗುಣ ತೊಂದರೆ. ಹೀರದ ವಸ್ತುವನ್ನು ಸಿಮೆಂಟ್ ಗಟ್ಟಿಯಾಗಿ ಹಿಡಿದುಕೊಳ್ಳೋದಿಲ್ಲ. ಅದಕ್ಕೇ ಇಂಥ ಟೈಲ್ಸ್‌ಗೆ ಬೇರೆ ಅಂಟು ಬೇಕು, ಅದನ್ನು ಹಲ್ಲಿನ ಕರಣೆಯಲ್ಲಿ ಪೂರ್ತಿ ಬಳಿಯಬೇಕು, ಮೂಲೆ ಬಿಡಬಾರದು.

ಎರಡನೇದು ಜಾಗ. ಬಿಸಿಲಿಗೆ ಟೈಲ್ ಸ್ವಲ್ಪ ಹಿಗ್ಗುತ್ತೆ. ಅಡಿಯ ಕಾಂಕ್ರೀಟ್ ಕಟ್ಟಿದ ಮೇಲೆ ವರ್ಷಗಟ್ಟಲೆ ತುಸು ತುಸು ಕುಗ್ಗುತ್ತೆ. ಮೇಲಿನದು ಹಿಗ್ಗುತ್ತೆ, ಕೆಳಗಿನದು ಕುಗ್ಗುತ್ತೆ, ನಡುವೆ ಒತ್ತಡ. ಅದಕ್ಕೆ ಟೈಲ್ ಟೈಲ್ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಡಬೇಕು, ಗೋಡೆ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಗೋಡೆ ಪಕ್ಕದ ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತೆ, ಕಣ್ಣಿಗೆ ಕಾಣೋದಿಲ್ಲ. ನಮ್ಮ ಹಾಲ್‌ನಲ್ಲಿ ಟೈಲ್ಸ್ ಒಂದಕ್ಕೊಂದು ಅಂಟಿಕೊಂಡೇ ಕೂತಿದ್ದವು. "ಸಂದಿಲ್ದೆ ಹಾಕಿದ್ರೆ ನೋಡೋಕೆ ಚೆಂದ, ಒಂದೇ ಕಲ್ಲಿನ ಹಾಗೆ ಕಾಣ್ತದೆ, ಅದಕ್ಕೇ ಎಲ್ರೂ ಹಂಗೇ ಕೇಳ್ತಾರೆ" ಅಂದರು ಅಪ್ಪ. ಪಶ್ಚಿಮಕ್ಕೆ ಬಾಲ್ಕನಿ, ಏಪ್ರಿಲ್ ಬಿಸಿಲು, ಅಡಿಯಲ್ಲಿ ಪೊಳ್ಳು. ಹಿಗ್ಗೋಕೆ ಪಕ್ಕದಲ್ಲಿ ಜಾಗ ಇಲ್ಲದ ನೆಲ ಮೇಲಕ್ಕೇ ಎದ್ದಿತು. ಮಂಚ ಎಳೆದಾಡಿದರೆ ಗೀರು ಬೀಳುತ್ತೆ. ಭಾರದ್ದೇನಾದರೂ ಬಿದ್ದರೆ ಬಿದ್ದ ಜಾಗದಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟು ಒಳಕ್ಕೆ ಕುಸಿಯುತ್ತೆ. ಸಾಲಾಗಿ, ಜೋಡಿಯಾಗಿ, ಮೇಲಕ್ಕೆ ಏಳೋದಿಲ್ಲ. ಈ ವ್ಯತ್ಯಾಸವೇ ನಮ್ಮ ಇಡೀ ವಾದ.

ಆ ರಾತ್ರಿ ಮಗಳು ಮಲಗಿದ ಮೇಲೆ ಮೊಬೈಲ್ ಹಿಡಿದು ಕಾನೂನು ಓದಿದೆ. ಬಾಡಿಗೆ ಅಂದ ತಕ್ಷಣ ಎಲ್ಲರೂ ಹೇಳೋದು ಕರ್ನಾಟಕ ಬಾಡಿಗೆ ಅಧಿನಿಯಮ, 1999. ಆದರೆ ಪ್ರದೇಶವನ್ನು ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿದೆ. ಇವತ್ತು ಆ ಬಾಡಿಗೆಗೆ ಫ್ಲ್ಯಾಟ್ ಎಲ್ಲಿ ಸಿಗುತ್ತೆ? ಹಾಗಾಗಿ ನಮ್ಮಂಥವರಿಗೆ ಆಧಾರ ನಮ್ಮದೇ ಅಗ್ರಿಮೆಂಟು, ಮತ್ತೆ ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಅಧಿನಿಯಮ, 1882.

ಆ ಹಳೇ ಕಾನೂನಿನ 108ನೇ ಕಲಮಿನಲ್ಲಿ ಮಾಲೀಕ ಮತ್ತು ಬಾಡಿಗೆದಾರ ಇಬ್ಬರ ಹಕ್ಕು, ಹೊಣೆ ಎರಡೂ ಇವೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅವೇ ನಿಯಮ. ಅದರ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಇಟ್ಟುಕೊಂಡು ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದ ಆದ ಸವೆತಕ್ಕೆ, ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೆ ಅವನು ಹೊಣೆ ಅಲ್ಲ. ತನ್ನಿಂದ, ಅಥವಾ ತನ್ನ ಪರವಾಗಿ ಕೆಲಸ ಮಾಡೋರಿಂದ ಆದ ದೋಷವನ್ನು ಮಾತ್ರ, ನೋಟಿಸ್ ಬಂದ ಮೂರು ತಿಂಗಳೊಳಗೆ ಸರಿ ಮಾಡಿಸಿಕೊಡಬೇಕು. ಇನ್ನೊಂದು ಕಡೆ, ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನೂ ನೋಡಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಜಾರಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಅದರಲ್ಲಿದೆ, ಓದಿ ನಗು ಬಂತು. ಯಾವ ರಿಪೇರಿ ಯಾರದ್ದು ಅಂತ ಒಂದು ಪಟ್ಟಿಯೂ ಇದೆ. ಕಟ್ಟಡದ ರಚನೆಗೆ ಸಂಬಂಧಪಟ್ಟ ರಿಪೇರಿ, ಸುಣ್ಣಬಣ್ಣ, ಪೈಪು, ವೈರಿಂಗು ಮಾಲೀಕರದ್ದು. ನಲ್ಲಿಯ ವಾಷರ್, ಸ್ವಿಚ್ಚು, ಗೀಸರ್, ಕಿಟಕಿ ಗಾಜು, ಬೀಗ ಬಾಡಿಗೆದಾರರದ್ದು. ತಮಾಷೆ ಅಂದರೆ ಇಷ್ಟುದ್ದದ ಪಟ್ಟಿಯಲ್ಲಿ ನೆಲಹಾಸಿನ ಹೆಸರೇ ಇಲ್ಲ. ಕಾನೂನು ಬರೆಯೋರಿಗೂ ನೆಲ ಕಣ್ಣಿಗೆ ಬಿದ್ದಿಲ್ಲ!

ಮುಂದಿನ ಭಾನುವಾರ ಮಾಲೀಕರು ಅವರ ಮೇಸ್ತ್ರಿಯನ್ನು ಕರಕೊಂಡು ಬಂದರು. ಜಗಳಕ್ಕೆ ರೆಡಿಯಾಗಿದ್ದ ನನಗೆ ಅವರನ್ನು ನೋಡಿ ಸಿಟ್ಟು ಅರ್ಧ ಇಳಿಯಿತು. ನಿವೃತ್ತರಾದ ಮೇಲೆ ಬಂದ ಹಣದಲ್ಲಿ ಈ ಫ್ಲ್ಯಾಟ್ ತಗೊಂಡಿದ್ದವರು. ನಮ್ಮ ಬಾಡಿಗೆಯೇ ಅವರ ಔಷಧಿಯ ಖರ್ಚು. 38,000 ಅವರಿಗೂ ದೊಡ್ಡ ಮೊತ್ತವೇ.

ಗಂಡ ಮೊದಲು ಮನೆಗೆ ಬಂದ ದಿನದ ವಿಡಿಯೋ ತೋರಿಸಿದರು. ಅಮ್ಮನಿಗೆ ಮನೆ ತೋರಿಸೋಕೆ ಅಂತ ಮಾಡಿದ್ದು, ಮೂಲೆ ಮೂಲೆಯೂ ಇತ್ತು. ಎದ್ದ ದಿನದ ಫೋಟೋ ಪಕ್ಕದಲ್ಲಿಟ್ಟರು. ಅಪ್ಪ ಮಾತೇ ಆಡಲಿಲ್ಲ. ಆ ಮೇಸ್ತ್ರಿಗೆ ಕರಣೆ ಕೊಟ್ಟು, "ನೀವೇ ತಟ್ಟಿ ನೋಡಿ ಸಾಮಿ" ಅಂದರು. ಆತ ತಟ್ಟಿದರು. ಹಾಲ್‌ನ ಇನ್ನೊಂದು ಮೂಲೆಯಲ್ಲಿ, ಇನ್ನೂ ಏಳದ ಒಂದು ಟೈಲನ್ನು ಅಪ್ಪನೇ ತೋರಿಸಿ ಎತ್ತಲು ಹೇಳಿದರು. ಉಳಿ ಹಾಕಿದ್ದೇ ತಡ, ತಟ್ಟೆ ಎತ್ತಿದ ಹಾಗೆ ಎದ್ದು ಬಂತು. ಹಿಂಭಾಗ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಶುಭ್ರ. ಒಂದು ಚೂರು ಸಿಮೆಂಟ್ ಹಿಡಿದಿರಲಿಲ್ಲ.

ಆ ಮೇಸ್ತ್ರಿ ಮಾಲೀಕರ ಮುಖ ನೋಡಿ, "ಇದು ಇವರು ಮಾಡಿದ್ದಲ್ಲ ಸಾರ್" ಅಂದುಬಿಟ್ಟರು. ಅವರ ಕಡೆಯಿಂದ ಬಂದಿದ್ದರೂ ಕೆಲಸ ಗೊತ್ತಿದ್ದೋರು ಸುಳ್ಳು ಹೇಳಲಿಲ್ಲ. ಅವತ್ತು ನನಗೆ ತುಂಬ ದೊಡ್ಡದು ಅನ್ನಿಸಿದ್ದು ಆ ಒಂದು ಮಾತು.

ಮಾಲೀಕರು ಸುಮ್ಮನೆ ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ಬಿಲ್ಡರ್ ನನಗೆ ಮೋಸ ಮಾಡಿದ" ಅಂದರು. ಅದೂ ನಿಜವೇ. ರೇರಾ ಅಂತ ನಾವು ಕರೆಯೋ 2016ರ ಕಾಯ್ದೆಯಲ್ಲಿ, ಮನೆ ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿ ಮಾಡಿಸಿಕೊಡಬೇಕು. ಈ ಕಟ್ಟಡಕ್ಕೆ ಆಗಲೇ ಏಳು ವರ್ಷ. ಐದು ವರ್ಷದೊಳಗೆ ಯಾರಾದರೂ ಒಂದು ಸಲ ನೆಲ ತಟ್ಟಿ ನೋಡಿದ್ದರೆ ಆ ಖರ್ಚು ಮಾಲೀಕರ ಮೇಲೂ ಬೀಳ್ತಿರಲಿಲ್ಲ, ನಮ್ಮ ಮೇಲೂ ಬರ್ತಿರಲಿಲ್ಲ. ಫ್ಲ್ಯಾಟ್ ತಗೊಂಡಿರೋರು, ತಗೋಬೇಕು ಅಂತಿರೋರು ಇದನ್ನು ನೆನಪಿಟ್ಟುಕೊಳ್ಳಿ. ಒಂದು ನಾಣ್ಯ ಸಾಕು, ಅರ್ಧ ಗಂಟೆಯ ಕೆಲಸ.

ಅಡುಗೆಮನೆಯ ಎರಡು ಟೈಲ್ಸ್ ಕಥೆ ಬೇರೆ. ನಾವು ಮನೆಗೆ ಬಂದ ದಿನ ಸಾಮಾನು ತಂದ ಹುಡುಗರು ಫ್ರಿಜ್ ಕೈಜಾರಿಸಿದ್ದರಿಂದ ಒಡೆದದ್ದು. ವಿಡಿಯೋದಲ್ಲಿ ಆ ಟೈಲ್ಸ್ ಚೆನ್ನಾಗಿಯೇ ಇದ್ದವು. ನಾವು ಕರೆಸಿದ ಜನ ಮಾಡಿದ್ದು ನಮ್ಮ ಲೆಕ್ಕಕ್ಕೇ. ಅದನ್ನು ಯಾರೂ ಕೇಳೋ ಮುಂಚೆ ಅಪ್ಪನೇ ಹೇಳಿದರು. ಎರಡು ಟೈಲ್ಸ್, ಕೂಲಿ ಸೇರಿ 1,800. ಅಗ್ರಿಮೆಂಟಿನಲ್ಲಿ ಮೊದಲೇ ಒಪ್ಪಿದ್ದಂತೆ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 11,000. ಎರಡನ್ನೂ ಕಳೆದು 47,200 ವಾಪಸ್ ಬಂತು. ಒಂದೇ ಸಲ ಅಲ್ಲ, ಎರಡು ಕಂತಿನಲ್ಲಿ. ಎರಡನೇ ಕಂತಿಗೆ ಕಾಯುವಾಗ ಮೈಸೂರಿನ ಮನೆಗೆ ಚಿನ್ನದ ಬಳೆ ಒಂದು ವಾರ ಬ್ಯಾಂಕಿನಲ್ಲಿ ಇಡಬೇಕಾಯಿತು. ಆದರೆ ಬಂತು.

ಇಲ್ಲಿಗೆ ಮುಗಿದಿದ್ದರೆ ಇದು ಬಾಡಿಗೆದಾರರು ಗೆದ್ದ ಕಥೆ ಆಗ್ತಿತ್ತು. ಆದರೆ ಅದೇ ಮೇ ತಿಂಗಳಲ್ಲಿ ತಗಡೂರಿನಲ್ಲಿ ನಾವು ಮಾಲೀಕರ ಜಾಗದಲ್ಲಿ ಕೂತಿದ್ದೆವು.

ಊರಿನ ನಮ್ಮ ಮನೆಯ ಮುಂದಿನ ಭಾಗ ಬಾಡಿಗೆಗೆ ಕೊಟ್ಟಿದ್ದೀವಿ. ಒಂದು ಕೋಣೆ, ಅಡುಗೆಮನೆ, ಜಗುಲಿ. ಐದು ವರ್ಷ ಇದ್ದ ಒಂದು ಸಂಸಾರ ವರ್ಗವಾಗಿ ಹೊರಟಿತು. ಅಡ್ವಾನ್ಸ್ 10,000. ಅದು ಅಪ್ಪ 1994ರಲ್ಲಿ ತಾನೇ ಹಾಕಿದ್ದ ಕಾವಿ ನೆಲ, ಅಮ್ಮನಿಗೆ ಅದರ ಮೇಲೆ ಬಲು ಪ್ರೀತಿ. ಮನೆ ಖಾಲಿಯಾದ ಮೇಲೆ ನೋಡಿದರೆ ಒಲೆಯ ಮುಂದೆ ಬಣ್ಣ ಮಾಸಿದೆ, ಬಾಗಿಲ ಹತ್ತಿರ ಕೂದಲೆಳೆಯ ಬಿರುಕು, ಗ್ರೈಂಡರ್ ಇಟ್ಟಿದ್ದ ಜಾಗದಲ್ಲಿ ಅಂಗೈಯಗಲ ಚಕ್ಕೆ ಎದ್ದಿದೆ.

"ಹತ್ತು ಸಾವಿರವೂ ಸಾಲ್ದು, ಪೂರ್ತಿ ಟೈಲ್ಸ್ ಹಾಕಿಸಬೇಕು ಈಗ" ಅಂತ ಅಮ್ಮ ಕಣ್ಣೀರು ಹಾಕಿಕೊಂಡರು. ನಾನು ಬಾಯಿ ಬಿಡೋಕೆ ಹಿಂಜರಿದೆ. ಅಮ್ಮನ ದುಃಖ ದುಡ್ಡಿನದ್ದು ಮಾತ್ರ ಅಲ್ಲ ಅಂತ ಗೊತ್ತಿತ್ತು. ಆ ನೆಲ ಹಾಕಿದಾಗ ಅಪ್ಪನಿಗೆ ಸಿಮೆಂಟ್ ಕೊಡಿಸಿದ್ದು ಅಮ್ಮನ ಸಂಘದ ಚೀಟಿ ದುಡ್ಡು.

ಅಪ್ಪ ಮಂಡಿಯೂರಿ ಕೂತು ಇಲ್ಲೂ ತಟ್ಟಿ ನೋಡಿದರು. ಆಮೇಲೆ ಅಂದರು: "ಮಾಸಿರೋದು ತುಳಿದು. ನೆಲ ಇರೋದೇ ತುಳಿಯೋಕೆ ಕನ. ಬಿರುಕು ನಂದು, ಮೂವತ್ತು ವರ್ಸದ ಸಿಮೆಂಟು, ಬುಡದೆ ಇರ್ತದಾ? ಈ ಚಕ್ಕೆ ಒಂದು ಅವರ್ದು."

ನನ್ನ ಕಾಲೇಜು ಗೆಳತಿ ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ 2007ರಿಂದ ಅಡ್ವಾನ್ಸ್ ಹಣವನ್ನು ಮಾಲೀಕ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಭದ್ರಪಡಿಸಲೇಬೇಕು. ಜಗಳ ಬಂದರೆ ಮೂರನೆಯವರು ತೀರ್ಮಾನಿಸ್ತಾರೆ. ಅವರು ಒಂದು ಸೂತ್ರ ಪಾಲಿಸ್ತಾರಂತೆ: ಹಳೇದನ್ನು ಕೆಡಿಸಿದ್ದಕ್ಕೆ ಮಾಲೀಕನಿಗೆ ಹೊಸದು ಸಿಗಬಾರದು. ಹತ್ತು ವರ್ಷ ಬಾಳೋ ಕಾರ್ಪೆಟ್ ಎಂಟು ವರ್ಷ ಬಳಸಿದ ಮೇಲೆ ಹಾಳಾದರೆ, ಬಾಡಿಗೆದಾರ ಕೊಡಬೇಕಾದ್ದು ಉಳಿದ ಎರಡು ವರ್ಷದ ಬೆಲೆ ಮಾತ್ರ. ಇದನ್ನು ಅಪ್ಪನಿಗೆ ಹೇಳಿದೆ. "ಇದಕ್ಕೆ ಇಂಗ್ಲೆಂಡಿಗೆ ಯಾಕೆ ಹೋಗ್ಬೇಕು? ಹಳೇ ಎತ್ತು ಸತ್ತದ್ದಕ್ಕೆ ಹೊಸ ಎತ್ತಿನ ದುಡ್ಡು ಯಾರಾರ ಕೇಳ್ತಾರಾ?" ಅಂದರು.

ಚಕ್ಕೆ ಎದ್ದ ಜಾಗಕ್ಕೆ ಸಿಮೆಂಟು, ಆಕ್ಸೈಡು, ಅರ್ಧ ದಿನದ ಕೂಲಿ ಲೆಕ್ಕ ಹಾಕಿ 600 ರೂಪಾಯಿ ಹಿಡಿದು 9,400 ಕೊಟ್ಟು ಕಳಿಸಿದರು. ಹೊರಟವರು ಪೂರ್ತಿ ಹೋಯ್ತು ಅಂದುಕೊಂಡಿದ್ದರಂತೆ. ಅಮ್ಮ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದರು. ಅಮ್ಮನ ಬೇಜಾರು ಇವತ್ತಿಗೂ ಪೂರ್ತಿ ಹೋಗಿಲ್ಲ. ಅದೂ ನ್ಯಾಯವೇ. ಬಾಡಿಗೆ ಅಂದರೆ ದುಡ್ಡು ತಗೊಂಡು ನಮ್ಮ ನೆಲವನ್ನು ಬೇರೆಯವರ ಕಾಲಿಗೆ ಕೊಡೋದು. ಲೆಕ್ಕದಲ್ಲಿ ಅದು ಸರಿ ಹೋಗುತ್ತೆ, ಮನಸ್ಸಿನಲ್ಲಿ ಸರಿ ಹೋಗೋಕೆ ಸ್ವಲ್ಪ ದಿನ ಬೇಕು.

ನೀವು ಈಗ ಮನೆ ಹುಡುಕುತ್ತಾ ಇದ್ದರೆ, ನಮ್ಮ ಎರಡು ಮನೆಯ ಅನುಭವದಿಂದ ಇಷ್ಟು ಹೇಳಬಹುದು. ಬೀಗದ ಕೈ ತಗೊಂಡ ದಿನವೇ, ಸಾಮಾನು ಇಳಿಸೋ ಮುಂಚೆ ನೆಲದ ವಿಡಿಯೋ ಮಾಡಿ ಮಾಲೀಕರಿಗೂ ವಾಟ್ಸಾಪ್‌ನಲ್ಲಿ ಕಳಿಸಿ. ದಿನಾಂಕ ತಾನಾಗಿಯೇ ದಾಖಲಾಗುತ್ತೆ. ನಾಣ್ಯ ಹಿಡಿದು ತಟ್ಟಿ, ಪೊಳ್ಳು ಸದ್ದು ಬಂದ ಜಾಗ ಬರೆದಿಡಿ. ನೆಲ ಏಳುವ ಲಕ್ಷಣ ಕಂಡರೆ, ನಡೆದಾಗ ಟಕ್ ಅಂದರೆ, ಸಂದಿನ ಗ್ರೌಟ್ ಉದುರಿದರೆ ಆವತ್ತೇ ಲಿಖಿತವಾಗಿ ತಿಳಿಸಿ. ಎದ್ದ ಟೈಲನ್ನು ಫೋಟೋ ತೆಗೆಯೋ ಮುಂಚೆ ಮುಟ್ಟಬೇಡಿ, ಬರಿಗಾಲಲ್ಲಿ ಹತ್ತಿರ ಹೋಗಬೇಡಿ. ಮಾಲೀಕರು ಎಸ್ಟಿಮೇಟ್ ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಯಾಕೆ ಕೆಟ್ಟಿತು, ನೆಲಕ್ಕೆ ಎಷ್ಟು ವಯಸ್ಸು, ಕೆಟ್ಟಿರೋದೆಷ್ಟು ಮತ್ತೆ ನೀವು ಹೊಸದಾಗಿ ಹಾಕಿಸ್ತಿರೋದೆಷ್ಟು. ಈ ಮೂರಕ್ಕೆ ಉತ್ತರ ಸಿಕ್ಕರೆ ದನಿ ಏರಿಸೋ ಅಗತ್ಯ ಬರೋದಿಲ್ಲ.

ತಗಡೂರಿನ ಮನೆಗೆ ಈಗ ಹೊಸ ಬಾಡಿಗೆದಾರರು ಬಂದಿದ್ದಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರೋ ಒಬ್ಬ ಹೆಣ್ಣುಮಗಳು ಮತ್ತು ಅವರ ತಾಯಿ. ಈ ಸಲ ಅಗ್ರಿಮೆಂಟನ್ನು ನಾವೇ ಕೂತು ಬರೆದೆವು. ಅದರಲ್ಲಿ ಅಪ್ಪ ಹೇಳಿ ಬರೆಸಿದ ಒಂದು ಸಾಲಿದೆ: 'ನೆಲ ಕಾವಿಯದು, 1994ರದ್ದು, ಬಾಗಿಲ ಬಳಿ ಬಿರುಕು ಮೊದಲೇ ಇದೆ, ತುಳಿದು ಸವೆದದ್ದಕ್ಕೆ ಲೆಕ್ಕವಿಲ್ಲ, ಒಡೆದದ್ದಕ್ಕೆ ಒಡೆದಷ್ಟೇ ಲೆಕ್ಕ.' ಅದರ ಕೆಳಗೆ ಅಮ್ಮ ತನ್ನದೂ ಒಂದು ಸಾಲು ಸೇರಿಸಿದರು: 'ಗ್ರೈಂಡರ್ ಕೆಳಗೆ ಮಣೆ ಇಡತಕ್ಕದ್ದು.' ಆ ನರ್ಸ್ ಓದಿ ನಕ್ಕು, ಎರಡಕ್ಕೂ ಸಹಿ ಹಾಕಿದರು. ಮಣೆಯನ್ನು ಅಮ್ಮನೇ ಕೊಟ್ಟರು.